ಅಮ್ಮನ ಬಸ್ ಚಾರ್ಜು

ನಮ್ಮ ಮನೆಯಲ್ಲಿ ಅಮ್ಮ ತವರಿಗೆ ಹೋಗಬೇಕೆಂದರೆ ಮೊದಲು ಅಟ್ಟದ ಮೇಲಿದ್ದ ತೆಂಗಿನಕಾಯಿ ಕೊಬ್ಬರಿಯಾಗಬೇಕಿತ್ತು. ತಿಪಟೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಡವಿದ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿದರೆ ಅದು ಹತ್ತು ಹನ್ನೊಂದು ತಿಂಗಳು ಅಲ್ಲಿಯೇ ಇರಬೇಕು. ಒಳಗಿನ ನೀರು ಆರಿ, ತಿರುಳು ಕರಟದಿಂದ ಬಿಟ್ಟುಕೊಂಡು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಲೊಡಲೊಡ ಎನ್ನುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ವರ್ಷ ಕಳೆದಿರುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಉಂಡೆಯಾಗಿ ತೆಗೆದ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಿಪಟೂರಿನ ಮಾರುಕಟ್ಟೆಗೆ ಹಾಕಬೇಕು. ಅಲ್ಲಿಂದ ಬಂದ ದುಡ್ಡಿನಲ್ಲಿ ಸೊಸೈಟಿಯ ಸಾಲ, ಗೊಬ್ಬರದ ಅಂಗಡಿಯ ಬಾಕಿ, ದಿನಸಿ ಅಂಗಡಿಯ ಲೆಕ್ಕ ಎಲ್ಲ ಮುಗಿದು, ಅಪ್ಪ ಊಟ ಮಾಡಿ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತ ಒಂದು ಸಂಜೆಯನ್ನು ನೋಡಿಕೊಂಡು ಅಮ್ಮ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು. ಏನು ಕೇಳಲು ಬಂದಿದ್ದಾಳೆಂಬುದು ಅಪ್ಪನಿಗೂ ಗೊತ್ತು, ಮೂಲೆಯಲ್ಲಿ ಮಗ್ಗಿ ಬರೆಯುತ್ತಿದ್ದ ನನಗೂ ಗೊತ್ತು. ಆದರೂ ಅವಳು ಕೇಳಲೇಬೇಕಿತ್ತು.

ನಾನು ಹೇಳುತ್ತಿರುವುದು 1980ರ ದಶಕದ ಮಾತು. ನಮ್ಮ ಊರು ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವೆ, ಟಾರು ರಸ್ತೆಯಿಂದ ಎರಡು ಮೈಲಿ ಒಳಗಿದೆ. ಅಮ್ಮನ ತವರು ಅರಸೀಕೆರೆ ತಾಲ್ಲೂಕಿನಲ್ಲಿ, ಬಾಣಾವರದ ಹತ್ತಿರ. ಇವತ್ತು ಕಾರಿನಲ್ಲಿ ಹೊರಟರೆ ಬೆಳಗಿನ ತಿಂಡಿ ಮುಗಿಸಿ ಹೊರಟವರು ಅಲ್ಲಿ ಕಾಫಿ ಕುಡಿಯಬಹುದಾದಷ್ಟು ದೂರ, ಅಷ್ಟೆ. ಆದರೆ ಆಗ ಅದು ಎರಡು ಮೈಲಿ ನಡಿಗೆ, ಮೂರು ಬಸ್ಸು, ಮತ್ತೆ ಅರ್ಧ ಗಂಟೆ ನಡಿಗೆ. ತಿಪಟೂರಿನಿಂದ ಅರಸೀಕೆರೆ, ಬಾಣಾವರದ ಕಡೆಗೆ ರೈಲೂ ಇತ್ತು, ಪ್ಯಾಸೆಂಜರಿನ ಟಿಕೆಟು ಬಸ್ಸಿಗಿಂತ ಸೋವಿಯೂ ಆಗಿತ್ತು. ನಮ್ಮ ಸೀಮೆಯ ಯಾರಾದರೂ ಓದುತ್ತಿದ್ದರೆ, ರೈಲಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ಮನೆಯ ಕಸ, ಕೊಟ್ಟಿಗೆ, ಹಾಲು, ಅಡುಗೆ ಎಲ್ಲ ಮುಗಿಸಿ ಹೊರಡುವ ಹೆಂಗಸಿಗೆ ರೈಲಿನ ಹೊತ್ತು ಹೊಂದುತ್ತಿರಲಿಲ್ಲ, ಅದಕ್ಕೆ. ರೈಲು ತನ್ನ ಹೊತ್ತಿಗೆ ಹೋಗುತ್ತದೆ. ಅಮ್ಮನ ಹೊತ್ತು ನಾಲ್ಕು ಜನರ ಊಟ ಮತ್ತು ಎರಡು ಎಮ್ಮೆಗಳ ಕೈಯಲ್ಲಿತ್ತು.

ಅಮ್ಮ ಕೇಳುತ್ತಿದ್ದ ರೀತಿ ನನಗೆ ಈಗಲೂ ಕಿವಿಯಲ್ಲಿದೆ. ನೇರವಾಗಿ ದುಡ್ಡು ಕೊಡಿ ಎನ್ನುತ್ತಿರಲಿಲ್ಲ. "ಅವ್ವನಿಗೆ ಕಣ್ಣು ಮಂಜಾಗಿದೆಯಂತೆ" ಎಂದು ಶುರುಮಾಡುತ್ತಿದ್ದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊನ್ನೆ ತಾನೆ ಹೋಗಿಬಂದ್ಯಲ್ಲ" ಎನ್ನುತ್ತಿದ್ದ. ಆ 'ಮೊನ್ನೆ' ಕೆಲವು ಸಲ ಒಂಬತ್ತು ತಿಂಗಳ ಹಿಂದಿನದಾಗಿರುತ್ತಿತ್ತು. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಅದು ನಿಜವಾಗಿಯೂ ಮೊನ್ನೆಯೇ ಅನ್ನಿಸುತ್ತಿತ್ತು. ತಿಂಗಳುಗಳನ್ನು ಎಣಿಸುತ್ತಿದ್ದವಳು ಅವಳು, ಅವನಲ್ಲ. ಅಮ್ಮ ಆ ಮಾತಿಗೆ ಎದುರು ಹೇಳದೆ ಒಳಗೆ ಹೋಗಿ, ನಾಲ್ಕು ದಿನ ಬಿಟ್ಟು ಮತ್ತೆ ಇನ್ನೊಂದು ಕಾರಣ ಹಿಡಿದುಕೊಂಡು ಬರುತ್ತಿದ್ದಳು: ತಮ್ಮನ ಮಗುವಿನ ನಾಮಕರಣ, ಊರ ಜಾತ್ರೆ, ಗೌರಿ ಹಬ್ಬ, ಯಾರದೋ ಮದುವೆ. ಕಾರಣ ಗಟ್ಟಿಯಾಗಿರಬೇಕಿತ್ತು, ಏಕೆಂದರೆ ದುಡ್ಡು ಕಾರಣವನ್ನು ನೋಡಿ ಹೊರಗೆ ಬರುತ್ತಿತ್ತು. ಬರಿಯ ನೆನಪಾಯಿತೆಂದು, ಅವ್ವನ ಪಕ್ಕದಲ್ಲಿ ಒಂದು ರಾತ್ರಿ ಮಲಗಬೇಕು ಅನ್ನಿಸಿತೆಂದು ಯಾರೂ ಬಸ್ ಚಾರ್ಜು ಕೇಳುವಂತಿರಲಿಲ್ಲ.

ಅಪ್ಪ ಕೆಟ್ಟವನಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಬರೆದುಬಿಡಬೇಕು. ಕುಡಿಯುತ್ತಿರಲಿಲ್ಲ, ಒಂದು ದಿನವೂ ಅಮ್ಮನ ಮೇಲೆ ಕೈ ಎತ್ತಲಿಲ್ಲ, ಕೊನೆಗೆ ಪ್ರತಿ ಸಲವೂ ದುಡ್ಡು ಕೊಟ್ಟೇ ಕೊಡುತ್ತಿದ್ದ. ಅವನ ಕೈಯಲ್ಲಿಯೂ ಇದ್ದದ್ದು ಕಡಿಮೆಯೇ. ಆದರೆ ಅಪ್ಪ ವಾರಕ್ಕೆ ಎರಡು ಮೂರು ಸಲ ತಿಪಟೂರಿಗೆ ಹೋಗಿಬರುತ್ತಿದ್ದ. ಮಂಡಿಯಲ್ಲಿ ಧಾರಣೆ ಕೇಳಲು, ಪಂಪಿನ ವಾಷರ್ ತರಲು, ಕೆಲವು ದಿನ ಯಾವ ಕೆಲಸವೂ ಇಲ್ಲದೆ, ಯಾರನ್ನೋ ಕಂಡು ಮಾತಾಡಲು. ಆ ಹೋಗುವಿಕೆಗೆ ಅವನು ಯಾರ ಮುಂದೆಯೂ ಬಾಗಿಲ ಹತ್ತಿರ ನಿಂತು ಮಾತು ಪೋಣಿಸಬೇಕಿರಲಿಲ್ಲ. ಚಿಕ್ಕವನಾಗಿದ್ದಾಗ ನನಗೆ ಈ ವ್ಯತ್ಯಾಸ ಕಾಣಲೇ ಇಲ್ಲ. ಮಳೆ ಮೇಲಿನಿಂದ ಬೀಳುತ್ತದೆ, ಅಪ್ಪ ಪೇಟೆಗೆ ಹೋಗುತ್ತಾನೆ, ಅಮ್ಮ ಕೇಳುತ್ತಾಳೆ, ಇವೆಲ್ಲ ಒಂದೇ ಬಗೆಯ ಸಂಗತಿಗಳೆಂದು ತಿಳಿದಿದ್ದೆ.

ಅಮ್ಮನದೇ ಎನ್ನುವ ದುಡ್ಡು ಇರಲಿಲ್ಲವೆಂದಲ್ಲ. ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೂಲಿ ಇತ್ತು. ಮಧ್ಯಾಹ್ನದ ಬಿಡುವಿನಲ್ಲಿ ತೆಂಗಿನ ಗರಿ ಸೀಳಿ ಕಡ್ಡಿ ಪೊರಕೆ ಕಟ್ಟುತ್ತಿದ್ದಳು. ಆ ಚಿಲ್ಲರೆ ನನ್ನ ಸ್ಲೇಟಿಗೆ, ತಂಗಿಯ ರಿಬ್ಬನ್ನಿಗೆ, ಮನೆಗೆ ಬಂದ ನೆಂಟರ ಕಾಫಿಪುಡಿಗೆ ಕರಗಿಹೋಗುತ್ತಿತ್ತು. ಮೂರು ಬಸ್ಸಿನ ಚಾರ್ಜು, ಹೋಗಿಬರಲು ಎಂದರೆ ಆರು ಬಸ್ಸಿನದು, ಎಂದೂ ಆ ಗಂಟಿನಲ್ಲಿ ಒಟ್ಟಾಗಿ ಉಳಿಯಲಿಲ್ಲ. ನನ್ನನ್ನು ಕರೆದುಕೊಂಡು ಹೋದರೆ ಇನ್ನೊಂದು ಅರ್ಧ ಟಿಕೆಟು. ಬಸ್ಸು ಹತ್ತುವ ಮೊದಲು ಅಮ್ಮ ನನ್ನ ಕೆನ್ನೆ ಸವರಿ, "ಕಂಡಕ್ಟರ್ ಕೇಳಿದ್ರೆ ಇನ್ನೂ ಸ್ಕೂಲಿಗೆ ಸೇರಿಲ್ಲ ಅನ್ನು ಮಗ" ಎಂದು ಹೇಳಿಕೊಡುತ್ತಿದ್ದಳು. ಒಂದು ಸಲ ತಿಪಟೂರಿನಲ್ಲಿ ಕಂಡಕ್ಟರ್ ಬಗ್ಗಿ ನನ್ನನ್ನೇ ಕೇಳಿದ. ನಾನು ಎರಡನೇ ಕ್ಲಾಸು ಎಂದುಬಿಟ್ಟೆ. ಮೇಷ್ಟ್ರು ಅದೇ ವಾರ ಸುಳ್ಳು ಹೇಳಬಾರದೆಂದು ಪಾಠ ಮಾಡಿದ್ದರು. ಅಮ್ಮ ಏನೂ ಅನ್ನದೆ ಸೆರಗಿನ ಗಂಟು ಬಿಚ್ಚಿ ಅರ್ಧ ಟಿಕೆಟಿನ ದುಡ್ಡು ಕೊಟ್ಟಳು. ಆ ಸಲ ಬಾಣಾವರದಲ್ಲಿ ಇಳಿದು ಅಜ್ಜಿಗೆಂದು ಯಾವಾಗಲೂ ಕೊಳ್ಳುತ್ತಿದ್ದ ಬಾಳೆಹಣ್ಣನ್ನು ಕೊಳ್ಳಲಿಲ್ಲ. ಬರಿಗೈಯಲ್ಲಿ ತವರಿನ ಹೊಸಲು ದಾಟುವುದೆಂದರೆ ಏನೆಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗೊತ್ತು. ನಾಲ್ಕು ದಶಕ ಕಳೆದರೂ ನನ್ನ ಆ ಸತ್ಯವಾಕ್ಯ ನನ್ನನ್ನು ಬಿಟ್ಟಿಲ್ಲ.

2023ರ ಜೂನ್ 11ರಂದು ವಿಧಾನಸೌಧದ ಮುಂದೆ ಶಕ್ತಿ ಯೋಜನೆಗೆ ಚಾಲನೆ ಕೊಟ್ಟ ದಿನ ನಾನು ಬೆಂಗಳೂರಿನ ಮನೆಯಲ್ಲಿ ಟಿವಿಯ ಮುಂದೆ ಕೂತಿದ್ದೆ. ರಾಜ್ಯದ ಹೆಣ್ಣುಮಕ್ಕಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ವಾಯವ್ಯ ಮತ್ತು ಕಲ್ಯಾಣ ಕರ್ನಾಟಕ, ಈ ನಾಲ್ಕೂ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಎಷ್ಟು ದೂರ ಬೇಕಾದರೂ ದುಡ್ಡು ಕೊಡದೆ ಹೋಗಬಹುದು. ರಾಜಹಂಸ, ಐರಾವತ, ಹವಾನಿಯಂತ್ರಿತ ಬಸ್ಸು, ಹೊರ ರಾಜ್ಯದ ಬಸ್ಸುಗಳಿಗೆ ಇದು ಇಲ್ಲ. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟು ಕೊಡುತ್ತಾರೆ, ಅದರ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ದುಡ್ಡು ತುಂಬಿಕೊಡುತ್ತದೆ. ಇಷ್ಟನ್ನು ಊರಿಗೆ ಫೋನು ಮಾಡಿ ಅಮ್ಮನಿಗೆ ವಿವರಿಸಿದೆ. ಅವಳು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು: "ಯಾಕೆ ಹೋಗ್ತೀಯ ಅಂತ ಕೇಳ್ತಾರಾ?" ಇಲ್ಲಮ್ಮ, ಆಧಾರ್ ಕಾರ್ಡು ತೋರಿಸಿದರೆ ಸಾಕು ಎಂದೆ. ಆ ಕಡೆ ಒಂದು ಕ್ಷಣ ಮೌನವಿತ್ತು. ಅಪ್ಪ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ನಾನು ತಿಂಗಳು ತಿಂಗಳು ಅವಳ ಖಾತೆಗೆ ದುಡ್ಡು ಹಾಕುತ್ತಿದ್ದೆ, ಕೊಡುವುದರಲ್ಲಿ ಹಿಂದುಮುಂದು ನೋಡಿದವನೂ ಅಲ್ಲ. ಆದರೂ ಬಾಗಿಲ ಹತ್ತಿರ ನಿಂತು ಕಾರಣ ಹೇಳುವ ಆ ಹೆಂಗಸು ಅವಳೊಳಗೆ ಇನ್ನೂ ನಿಂತೇ ಇದ್ದಳೆಂಬುದು ನನಗೆ ಅವತ್ತು ಗೊತ್ತಾಯಿತು.

ಅಂದಿನಿಂದ ಇವತ್ತಿನವರೆಗೆ ಈ ಯೋಜನೆಯ ಬಗ್ಗೆ ಎಷ್ಟು ವಾದಗಳನ್ನು ಕೇಳಿದ್ದೇನೆಂದರೆ, ಕಚೇರಿಯಲ್ಲಿ, ಮದುವೆ ಮನೆಗಳಲ್ಲಿ, ಊರಿನ ಅರಳಿಕಟ್ಟೆಯಲ್ಲಿ, ಅವುಗಳಲ್ಲಿ ಮೊದಲು ಬರುವ ಪದ ಯಾವುದೆಂದು ಈಗ ಮುಂಚೆಯೇ ಹೇಳಬಲ್ಲೆ. 'ಬಿಟ್ಟಿ'. ಆ ಪದದ ಬಗ್ಗೆ ನನಗೊಂದು ತಕರಾರಿದೆ. ಕರ್ನಾಟಕದಲ್ಲಿ 10 ಎಚ್.ಪಿ. ವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಕರೆಂಟು ಉಚಿತ. ನಮ್ಮ ತೋಟದ ಬೋರ್‌ವೆಲ್ಲು ವರ್ಷಗಟ್ಟಲೆ ಹಾಗೆಯೇ ಓಡಿದೆ, ಅದರಿಂದಲೇ ತೆಂಗು ಉಳಿದಿದೆ, ಆ ತೆಂಗಿನಿಂದಲೇ ನಾನು ಓದಿದ್ದೇನೆ. ಅದು ಬೇಕು, ಅದನ್ನು ನಾನು ಬೇಡ ಎನ್ನುವುದಿಲ್ಲ. ಆದರೆ ಆ ಪಂಪಿನ ಕರೆಂಟು ಸಂಪರ್ಕದ ಆರ್.ಆರ್. ನಂಬರು ಅಪ್ಪನ ಹೆಸರಿನಲ್ಲಿತ್ತು, ಪಹಣಿಯೂ ಅಪ್ಪನ ಹೆಸರಿನಲ್ಲಿತ್ತು, ನಮ್ಮ ಊರಿನ ಬಹುಪಾಲು ಪಂಪುಗಳು, ಪಹಣಿಗಳು ಗಂಡಸರ ಹೆಸರಿನಲ್ಲಿಯೇ ಇವೆ. ಅರಳಿಕಟ್ಟೆಯ ಮೇಲೆ ಕೂತು ಆ ಕರೆಂಟನ್ನು ಬಿಟ್ಟಿ ಎಂದವರನ್ನು ನಾನು ಕಂಡಿಲ್ಲ. ಅದು ರೈತನ ಹಕ್ಕು. ಅದೇ ರೈತನ ಹೆಂಡತಿ ತಿಪಟೂರಿನ ಆಸ್ಪತ್ರೆಗೆ ಶೂನ್ಯ ಟಿಕೆಟಿನಲ್ಲಿ ಹೋದರೆ ಅದು ಬಿಟ್ಟಿಯಾಗುತ್ತದೆ. ಸರ್ಕಾರದ ದುಡ್ಡು ಗಂಡಸಿನ ಹೆಸರಿಗೆ ಹರಿದಾಗ ಒಂದು ಪದ, ಹೆಂಗಸಿನ ಕೈಗೆ ಬಂದಾಗ ಇನ್ನೊಂದು ಪದ, ಇದು ನನಗೆ ಸರಿಕಾಣುವುದಿಲ್ಲ.

ಎರಡನೆಯ ವಾದ, ಹೆಂಗಸರು ಕೆಲಸವಿಲ್ಲದೆ ತಿರುಗುತ್ತಾರೆ ಎಂಬುದು. ಯೋಜನೆ ಶುರುವಾದ ಮೊದಲ ವಾರಗಳಲ್ಲಿ ಧರ್ಮಸ್ಥಳ, ಕುಕ್ಕೆಯ ಕಡೆಗೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ, ಕಿಟಕಿಯಿಂದ ಸೀಟಿಗೆ ಟವೆಲ್ಲು ಹಾಕುವವರ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ನಗುವುದಕ್ಕೆಂದೇ ಅವುಗಳನ್ನು ಕಳಿಸುತ್ತಿದ್ದರು. ನನಗೆ ನಗು ಬರಲಿಲ್ಲ. ಐವತ್ತು ಅರವತ್ತು ವರ್ಷ ಮಂಜುನಾಥನಿಗೆ ಹರಕೆ ಕಟ್ಟಿಕೊಂಡು, ಹಳದಿ ಬಟ್ಟೆಯ ಗಂಟನ್ನು ದೇವರ ಗೂಡಿನಲ್ಲಿಟ್ಟುಕೊಂಡು, ಹೋಗಲು ಆಗದೆಯೇ ಉಳಿದ ಹೆಂಗಸರು ಪ್ರತಿ ಬೀದಿಯಲ್ಲಿದ್ದಾರೆ. ನಮ್ಮ ಪಕ್ಕದ ಮನೆಯ ಅಜ್ಜಿಯೇ ಹಾಗೆ ಕಟ್ಟಿಟ್ಟ ಗಂಟು ಬಿಚ್ಚದೆ ತೀರಿಕೊಂಡರು. ಒಂದು ಕಟ್ಟೆ ಒಡೆದಾಗ ನೀರು ಮೊದಲು ಜೋರಾಗಿಯೇ ನುಗ್ಗುತ್ತದೆ, ಆಮೇಲೆ ತನ್ನ ಪಾತ್ರಕ್ಕೆ ಇಳಿಯುತ್ತದೆ. ಈಗ ಆ ಬಸ್ಸುಗಳು ಅಷ್ಟು ತುಂಬುವುದಿಲ್ಲ. ತುಂಬುವುದು ಬೆಳಗಿನ ಎಂಟರ ಬಸ್ಸು, ಸಂಜೆಯ ಆರರ ಬಸ್ಸು.

ಆ ಎಂಟರ ಬಸ್ಸಿನಲ್ಲಿ ಯಾರಿರುತ್ತಾರೆಂದು ನೋಡಬೇಕಾದರೆ ಬೆಂಗಳೂರಿನಲ್ಲಿ ಪೀಣ್ಯದ ಕಡೆಗೋ, ಬೊಮ್ಮನಹಳ್ಳಿಯ ಕಡೆಗೋ ಹೋಗುವ ಬಿಎಂಟಿಸಿ ಬಸ್ಸು ಹತ್ತಬೇಕು. ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಊಟದ ಡಬ್ಬಿಯ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿರುವ ಅವರಲ್ಲಿ ಕೆಲವರು ನಮ್ಮ ಬೀದಿಯ ಹಿಂದಿನ ವಠಾರದಲ್ಲಿಯೇ ಇದ್ದಾರೆ. ಅವರಲ್ಲೊಬ್ಬರು ನನ್ನ ಹೆಂಡತಿಯ ಹತ್ತಿರ ಹೇಳಿದ ಮಾತು ಇದು: ಮೊದಲು ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ನಡೆದು ಬರುತ್ತಿದ್ದೆ, ಒಂದು ಕಡೆಯ ಚಾರ್ಜು ಉಳಿದರೆ ಮಗುವಿಗೆ ಬನ್ನು ಆಗುತ್ತಿತ್ತು, ಈಗ ಸಂಜೆಯೂ ಬಸ್ಸಿನಲ್ಲಿ ಬರುತ್ತೇನೆ, ಕತ್ತಲಾಗುವ ಮೊದಲು ಮನೆಯಲ್ಲಿರುತ್ತೇನೆ. ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಕನಿಷ್ಠ ದರ 2025ರ ಜನವರಿಯಲ್ಲಿ 5 ರೂಪಾಯಿಯಿಂದ 6ಕ್ಕೆ ಏರಿದೆ, ತಿಂಗಳ ಪಾಸು 1050ರಿಂದ 1200 ಆಗಿದೆ. ತಿಂಗಳ ಸಂಬಳ ಖಾತೆಗೆ ಬಂದ ದಿನವೇ ಬಾಡಿಗೆಗೂ ಚೀಟಿಗೂ ಹಂಚಿಹೋಗುವ ಮನೆಯಲ್ಲಿ 1200 ಎಂದರೆ ಏನೆಂದು ಲೆಕ್ಕ ಹಾಕಬೇಕಾದವರು, ಪೆಟ್ರೋಲಿಗೆ ಒಂದೇ ಸಲಕ್ಕೆ ಅಷ್ಟು ಹಾಕಿಸಿ ಮರೆತುಬಿಡುವ ನನ್ನಂಥವರು.

ಹೆಂಗಸರಿಗೆ ಬಸ್ಸು ಉಚಿತ ಮಾಡಿದ್ದು ಕರ್ನಾಟಕವೇ ಮೊದಲಲ್ಲ. ದೆಹಲಿಯಲ್ಲಿ 2019ರಿಂದ ಇದೆ, ತಮಿಳುನಾಡು ಮತ್ತು ಪಂಜಾಬಿನಲ್ಲಿ 2021ರಿಂದ ಇದೆ, ನಮ್ಮ ನಂತರ ತೆಲಂಗಾಣ, ಆಂಧ್ರಗಳಲ್ಲಿಯೂ ಬಂದಿತು. ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಇದನ್ನು ಮಾಡಿರುವುದರಿಂದ ನಾನಿದನ್ನು ಯಾವುದೋ ಒಂದು ಪಕ್ಷದ ಜಯವೆಂದು ಓದುವುದಿಲ್ಲ. ಮತಕ್ಕಾಗಿ ಮಾಡಿದರು ಎಂದರೆ, ಮತಕ್ಕಾಗಿಯೇ ಮಾಡಿರಬಹುದು. ಹೆಂಗಸರ ಮತಕ್ಕೆ ಅವರದೇ ಆದ ಬೆಲೆ ಬಂದಿದೆಯೆಂದಾದರೆ ಅದರಲ್ಲಿ ಬೇಸರಪಡುವಂಥದ್ದು ಏನಿದೆ? 2025ರ ಜುಲೈ ಹೊತ್ತಿಗೆ ಶಕ್ತಿಯ ಶೂನ್ಯ ಟಿಕೆಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಪತ್ರಿಕೆಯಲ್ಲಿ ಆ ಅಂಕಿಯನ್ನು ಓದಿದಾಗ ನನಗೆ ಹೊಳೆದದ್ದು ಖಜಾನೆಯ ಲೆಕ್ಕವಲ್ಲ. ಅಷ್ಟರಲ್ಲಿ ಎಷ್ಟು ಸಲ, ಎಷ್ಟು ಮನೆಗಳಲ್ಲಿ, ಒಬ್ಬ ಹೆಂಗಸು ಬಾಗಿಲ ಹತ್ತಿರ ಬಂದು ನಿಲ್ಲಬೇಕಾದದ್ದು ತಪ್ಪಿತು ಎಂಬುದು.

ಇಷ್ಟು ಹೇಳಿದ ಮೇಲೆ, ನನಗೆ ನೋವಾಗುವ ಸಂಗತಿಗಳನ್ನೂ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ಟಿಕೆಟಿನ ದುಡ್ಡನ್ನು ತೆಗೆದುಹಾಕಿದಷ್ಟು ಬೇಗ ಬಸ್ಸುಗಳು ಹೆಚ್ಚಾಗಲಿಲ್ಲ. ಹೊಸ ಬಸ್ಸುಗಳು ಬಂದಿವೆ, ಆದರೆ ನಮ್ಮೂರಿನಂಥ ಊರುಗಳಿಗೆ ಬರುವುದು ಇವತ್ತಿಗೂ ದಿನಕ್ಕೆ ಎರಡು ಬಸ್ಸು, ಬೆಳಗ್ಗೆ ಒಂದು, ಸಂಜೆ ಒಂದು. ಬೆಳಗಿನದು ಊರಿಗೆ ಬರುವಾಗಲೇ ತುಂಬಿರುತ್ತದೆ. ಚೀಲ ಹೊತ್ತ ಹೈಸ್ಕೂಲು, ಪಿಯುಸಿ ಮಕ್ಕಳು ಪಾಸು ಕೈಯಲ್ಲಿ ಹಿಡಿದು ಫುಟ್‌ಬೋರ್ಡಿನಲ್ಲಿ ನೇತಾಡುತ್ತಾರೆ. ಆ ಮಕ್ಕಳಲ್ಲೊಬ್ಬರು ಜಾರಿ ಬಿದ್ದರೆಂಬ ಸುದ್ದಿಯನ್ನು ಓದಿದಾಗೆಲ್ಲ, ಯೋಜನೆಯನ್ನು ಒಪ್ಪುವ ನನ್ನಂಥವನ ಬಾಯಿ ಕಟ್ಟುತ್ತದೆ. ಕಳೆದ ವರ್ಷ ಊರಿನ ಕ್ರಾಸಿನಲ್ಲಿ ನಾನೇ ನಿಂತು ನೋಡಿದ್ದೇನೆ: ಐದು ಜನ ಹೆಂಗಸರು ಕೈ ತೋರಿಸಿದರು, ಬಸ್ಸು ನಿಧಾನವಾದಂತೆ ಮಾಡಿ, ಒಳಗೆ ಜಾಗವಿದ್ದರೂ, ಮುಂದಕ್ಕೆ ಹೊರಟುಹೋಯಿತು. ಅವರಲ್ಲೊಬ್ಬಳ ಸೊಂಟದ ಮೇಲೆ ಜ್ವರದ ಮಗುವಿತ್ತು. "ನಾವು ದುಡ್ಡು ಕೊಡಲ್ಲ ಅಂತ ನಿಲ್ಸಲ್ಲ ಅಣ್ಣ" ಎಂದು ಅವಳು ನನಗೆ ಹೇಳಿದಳು, ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ತನ್ನದೇ ತಪ್ಪೇನೋ ಎಂಬ ಹಾಗಿತ್ತು. ಉಚಿತ ಕೊಟ್ಟು ಅದರ ಜೊತೆಗೆ ತಲೆ ತಗ್ಗಿಸುವುದನ್ನೂ ಕೊಟ್ಟರೆ, ಬಾಗಿಲ ಹತ್ತಿರ ನಿಲ್ಲುವುದು ತಪ್ಪಿ ಕ್ರಾಸಿನಲ್ಲಿ ನಿಲ್ಲುವುದು ಬಂದಂತಾಗುತ್ತದೆ.

ಹಾಗೆಂದು ಡ್ರೈವರು ಕಂಡಕ್ಟರುಗಳ ಮೇಲೆ ಎಲ್ಲವನ್ನೂ ಹೊರಿಸುವುದೂ ನ್ಯಾಯವಲ್ಲ. ಎಪ್ಪತ್ತು ಎಂಬತ್ತು ಜನರಿರುವ ಬಸ್ಸಿನಲ್ಲಿ ಪ್ರತಿಯೊಬ್ಬರ ಗುರುತಿನ ಚೀಟಿ ನೋಡಿ, ಮಿಷನ್ನಿನಲ್ಲಿ ಪ್ರತಿಯೊಬ್ಬರಿಗೂ ಟಿಕೆಟು ತೆಗೆದು, ಮುಂದಿನ ಸ್ಟಾಪಿನೊಳಗೆ ಮುಗಿಸಬೇಕು. ಟಿಕೆಟು ಕೊಡುವುದು ತಪ್ಪಿದರೆ ನಿಗಮಕ್ಕೆ ಬರಬೇಕಾದ ದುಡ್ಡು ತಪ್ಪುತ್ತದೆ. 2025ರ ಆಗಸ್ಟ್ 5ರಂದು ಸಾರಿಗೆ ನೌಕರರು ಮುಷ್ಕರಕ್ಕೆ ಇಳಿದಾಗ ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು 38 ತಿಂಗಳ ಹಿಂಬಾಕಿ ವೇತನವಾಗಿತ್ತು. ದುಡಿದವರ ಬಾಕಿಯನ್ನು ಹಾಗೆ ಇಟ್ಟುಕೊಂಡು ನಡೆಸುವ ಉಚಿತ ಸೇವೆಯಲ್ಲಿ, ಆ ಉಚಿತದ ಒಂದು ಪಾಲನ್ನು ಸರ್ಕಾರ ಕಟ್ಟುತ್ತಿಲ್ಲ, ಕಂಡಕ್ಟರಿನ ಮನೆ ಕಟ್ಟುತ್ತಿದೆ. ಅವನ ಮನೆಯಲ್ಲಿಯೂ ಒಬ್ಬಳು ಹೆಂಡತಿ ಮಗುವಿನ ಫೀಸಿಗೆ ಬಾಗಿಲ ಹತ್ತಿರ ನಿಂತಿರುತ್ತಾಳೆ. ಅದೇ ವರ್ಷದ ಜನವರಿಯಲ್ಲಿ ಬಸ್ ದರವನ್ನು ಶೇಕಡಾ 15ರಷ್ಟು ಏರಿಸಿದಾಗ, ಆ ಹೊರೆ ಬಿದ್ದದ್ದು ಟಿಕೆಟು ಕೊಳ್ಳುವ ಗಂಡಸರ ಮೇಲೆ. ಅವರಲ್ಲಿ ಗಾರೆ ಕೆಲಸದವರು, ಹಮಾಲರು, ದಿನಗೂಲಿಗೆ ಹೋಗುವ ಹುಡುಗರು ಇದ್ದಾರೆ. ಅವರು ಗೊಣಗಿದರೆ ಅದನ್ನು ಹೆಂಗಸರ ಮೇಲಿನ ಹೊಟ್ಟೆಕಿಚ್ಚು ಎಂದು ತಳ್ಳಿಹಾಕಬಾರದು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಹೆಚ್ಚಿನ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ ಆದ್ದರಿಂದ, ಅಲ್ಲಿನ ಹೆಂಗಸರ ಪಾಲಿಗೆ ಈ ಯೋಜನೆ ಬಹುಮಟ್ಟಿಗೆ ಸುದ್ದಿಯಾಗಿಯೇ ಉಳಿದಿದೆ ಎಂಬುದೂ ನಿಜ.

ನನ್ನ ಅಭಿಪ್ರಾಯ ಏನೆಂದು ಕೇಳಿದರೆ ಹೇಳುತ್ತೇನೆ. ಯೋಜನೆ ಇರಬೇಕು, ಅದಕ್ಕೆ ಬೇಕಾದ ದುಡ್ಡನ್ನು ಸರ್ಕಾರ ನಿಗಮಗಳಿಗೆ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕೊಡಬೇಕು, ನೌಕರರ ಬಾಕಿಯನ್ನು ಚುಕ್ತಾ ಮಾಡಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಹಳ್ಳಿಗಳಿಗೆ ಹೋಗುವ ಬಸ್ಸುಗಳ ಸಂಖ್ಯೆಯನ್ನು ಹೆಚ್ಚಿಸಬೇಕು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಶುರುವಾದಾಗ ಅದರ ಬಳಿ ಇದ್ದದ್ದು 120 ಬಸ್ಸುಗಳು. ಅಲ್ಲಿಂದ ಇಲ್ಲಿಯವರೆಗೆ ಹಳ್ಳಿಯ ಕ್ರಾಸಿನವರೆಗೂ ಕೆಂಪು ಬಸ್ಸು ಬಂದದ್ದು ಲಾಭದ ಲೆಕ್ಕದಿಂದಲ್ಲ. ಲಾಭವಿಲ್ಲದ ಮಾರ್ಗದಲ್ಲಿಯೂ ಜನರಿದ್ದಾರೆ ಎಂಬ ತಿಳಿವಳಿಕೆಯಿಂದ. ನಾನು ಹೈಸ್ಕೂಲು ಮುಗಿಸಿದ್ದು ಅಂಥದೊಂದು ನಷ್ಟದ ಮಾರ್ಗದ ಬಸ್ಸಿನಲ್ಲಿಯೇ. ಆ ತಿಳಿವಳಿಕೆಯನ್ನು ಬಸ್ಸಿನೊಳಗೆ ಟಿಕೆಟು ಕೊಳ್ಳಲಾರದವರಿಗೂ ವಿಸ್ತರಿಸಿದಾಗ ಅದು ದಾನವಾಗಿ ಏಕೆ ಕಾಣಬೇಕೆಂದು ನನಗೆ ತಿಳಿಯುವುದಿಲ್ಲ.

ಅಮ್ಮನಿಗೆ ಈಗ ಎಪ್ಪತ್ತಾರು. ಯೋಜನೆ ಶುರುವಾದ ಆ ಜೂನ್ ತಿಂಗಳ ಕೊನೆಯಲ್ಲಿ ಒಂದು ದಿನ ನಾನು ಫೋನು ಮಾಡಿದರೆ ಎತ್ತಲಿಲ್ಲ. ಸಂಜೆ ಅವಳೇ ಮಾಡಿದಳು. ಬಾಣಾವರಕ್ಕೆ ಹೋಗಿದ್ದೆ, ನಿಮ್ಮ ಚಿಕ್ಕಮ್ಮನನ್ನು ನೋಡಲು, ಎಂದಳು. ಅಜ್ಜಿ ತೀರಿಕೊಂಡು ವರ್ಷಗಳಾಗಿವೆ, ಮಾವಂದಿರು ಊರು ಬಿಟ್ಟಿದ್ದಾರೆ, ತವರಿನ ಕಡೆ ಉಳಿದಿರುವುದು ಪಕ್ಕದ ಹಳ್ಳಿಗೆ ಕೊಟ್ಟ ಅಮ್ಮನ ತಂಗಿ ಒಬ್ಬಳೇ. ಹುಷಾರಿಲ್ಲವಾ, ಏನಾದರೂ ವಿಶೇಷವಿತ್ತಾ ಎಂದು ಕೇಳಿದೆ. "ಏನಿಲ್ಲಪ್ಪ, ಸುಮ್ನೆ. ನೋಡ್ಕಂಡ್ ಬರಣ ಅನ್ನಿಸ್ತು" ಎಂದಳು. ನನಗೆ ತಿಳಿದಂತೆ, ತನ್ನ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಾಳಿನಲ್ಲಿ ಅಮ್ಮ ಕಾರಣವಿಲ್ಲದೆ ಬಸ್ಸು ಹತ್ತಿದ್ದು ಅದೇ ಮೊದಲು. ಅಂದಿನಿಂದ ಎರಡು ತಿಂಗಳಿಗೊಮ್ಮೆ ಹೋಗುತ್ತಾಳೆ. ಮೊಣಕಾಲು ನೋವಿಗೆ ಬಸ್ಸಿನ ಮೆಟ್ಟಿಲು ಎತ್ತರವೆಂದು ಗೊಣಗುತ್ತಾಳೆ, ಹೋಗುವುದನ್ನು ಬಿಡುವುದಿಲ್ಲ.

ಹೋದ ಮಾಗಿಯಲ್ಲಿ ನಾನೂ ಅವಳ ಜೊತೆ ಹೋದೆ. ಕಾರಿನಲ್ಲಿ ಹೋಗೋಣವೆಂದೆ, ಬೇಡವೆಂದಳು. ತಿಪಟೂರಿನಲ್ಲಿ ಅರಸೀಕೆರೆಯ ಬಸ್ಸು ಹತ್ತಿದೆವು. ಅವಳು ಕಿಟಕಿಯ ಪಕ್ಕ ಕೂತು, ಎಲೆ ಅಡಿಕೆ ಚೀಲದಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡನ್ನು ಕಂಡಕ್ಟರ್ ಬರುವ ಮೊದಲೇ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಕಂಡಕ್ಟರ್ ಅವಳಿಗೆ ಶೂನ್ಯದ ಟಿಕೆಟು ಕೊಟ್ಟು ನನ್ನ ಕಡೆ ತಿರುಗಿದಾಗ, ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅವಳು ಅದೇ ಚೀಲದಿಂದ ನೂರರ ನೋಟೊಂದನ್ನು ತೆಗೆದು ಅವರ ಕೈಗೆ ಕೊಟ್ಟಿದ್ದಳು. "ಇವನದು ನಾನ್ ಕೊಡ್ತೀನಿ. ಇವನಿಗೆ ಫುಲ್ ಟಿಕೆಟೇ ಕೊಡಿ" ಎಂದಳು. ಎರಡನೇ ಕ್ಲಾಸಿನ ಆ ದಿನ ಅವಳಿಗೂ ನೆನಪಿತ್ತೋ, ಮಾತಿಗೆ ಬಂದದ್ದೋ, ನಾನು ಕೇಳಲಿಲ್ಲ. ಬಾಣಾವರದಲ್ಲಿ ಇಳಿದು ಒಂದು ಡಜನ್ ಬಾಳೆಹಣ್ಣು ಕೊಂಡಳು.

ಚಿಕ್ಕಮ್ಮನ ಮನೆಯಲ್ಲಿ ಅಕ್ಕತಂಗಿಯರು ನಡುಮನೆಯ ಚಾಪೆಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಾ ಮಾತಿಗೆ ತೊಡಗಿದರು. ಯಾರದೋ ಜಮೀನಿನ ವ್ಯಾಜ್ಯ, ಯಾರದೋ ಸೊಸೆಯ ಬಾಣಂತನ, ಅಜ್ಜಿ ಮಾಡುತ್ತಿದ್ದ ಹುರುಳಿ ಬಸ್ಸಾರು. ಮಾತು ಒಂದು ಹದಕ್ಕೆ ಬಂದಿತ್ತು. ಮೂರೂಮುಕ್ಕಾಲಿಗೆ ಅಮ್ಮ ಗೋಡೆಯ ಗಡಿಯಾರ ನೋಡಿ ಚಾಪೆಯಿಂದ ಎದ್ದಳು. ಆ ಹಳ್ಳಿಯಿಂದ ಬಾಣಾವರಕ್ಕೆ ಹೋಗುವ ಕೊನೆಯ ಬಸ್ಸು ನಾಲ್ಕೂಕಾಲಿಗೆ. ಅದು ತಪ್ಪಿದರೆ ಆಟೋದವನು ಕೇಳಿದಷ್ಟು ಕೊಡಬೇಕು. "ಈಗ್ ಬಂದು ಈಗ್ಲೇ ಹೊರಟ್ಯೇನಕ್ಕ" ಎಂದು ಚಿಕ್ಕಮ್ಮ ಒಲೆಯ ಮೇಲಿಂದ ಕಾಫಿ ಇಳಿಸಿಕೊಂಡು ಬಂದಳು. ಅಮ್ಮ ನಿಂತುಕೊಂಡೇ ಅರ್ಧ ಲೋಟ ಕುಡಿದು, ಉಳಿದದ್ದನ್ನು ನನ್ನ ಕೈಗೆ ಕೊಟ್ಟು, ಸುಲಿದ ಅವರೆಕಾಳಿನ ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ಕ್ರಾಸಿನ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದಳು.